ಸೆಕೆಗಾಲದಲ್ಲಿ ಹಾಂಗ್‌ಕಾಂಗ್

ಯಾವ ಊರಿಗೆ ಯಾವ ತಿಂಗಳಲ್ಲಿ ಹೋಗಬೇಕು ಎಂಬ ಪ್ರಶ್ನೆಗೆ ಪ್ರವಾಸಿ ಕೈಪಿಡಿಗಳಲ್ಲಿ ಸಿದ್ಧ ಉತ್ತರ ಇದ್ದೇ ಇರುತ್ತದೆ. ಹಾಂಗ್‌ಕಾಂಗ್‌ನ ಮಟ್ಟಿಗೆ ಆ ಉತ್ತರ ಅಕ್ಟೋಬರ್‌ನಿಂದ ಡಿಸೆಂಬರ್. ಆಗ ಆಕಾಶ ಶುಭ್ರ, ಗಾಳಿ ಹಿತ, ಎಷ್ಟು ನಡೆದರೂ ಆಯಾಸವಿಲ್ಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಪುಟಕ್ಕೆ ಬಂದಾಗ ಅದೇ ಕೈಪಿಡಿಯ ದನಿ ಬದಲಾಗುತ್ತದೆ. ಸೆಕೆ, ಜಡಿಮಳೆ, ಚಂಡಮಾರುತ. ಸಾಧ್ಯವಿದ್ದರೆ ಬೇರೆ ಕಾಲ ನೋಡಿಕೊಳ್ಳಿ ಎನ್ನುತ್ತದೆ.

ಓದುವ ಮಕ್ಕಳಿರುವ ಮನೆಗಳಿಗೆ ಈ ಸಲಹೆಯನ್ನು ಪಾಲಿಸುವುದು ಕಷ್ಟ. ನಮ್ಮ ಶಾಲೆಗಳ ದೊಡ್ಡ ರಜೆ ಬರುವುದು ಏಪ್ರಿಲ್-ಮೇ ತಿಂಗಳಲ್ಲಿ. ಕಾಲೇಜಿನವರಿಗೆ ಬಿಡುವು ಸಿಗುವುದು ಹೆಚ್ಚಾಗಿ ಜೂನ್-ಜುಲೈಯಲ್ಲಿ. ದಸರಾ ರಜೆಯಲ್ಲಿ ಹೊರಡೋಣವೆಂದರೆ ಅಕ್ಟೋಬರ್ ಮೊದಲ ವಾರ ಚೀನಾದ ರಾಷ್ಟ್ರೀಯ ದಿನದ ರಜೆ. ಅದರ ಬೆನ್ನಿಗೇ ದೊಡ್ಡ ದೊಡ್ಡ ವ್ಯಾಪಾರ ಮೇಳಗಳು. ಹೋಟೆಲ್ ಕೋಣೆಗಳ ಬಾಡಿಗೆ ಏರುವುದೇ ಆಗ. ಲೆಕ್ಕ ಹಾಕಿ ಖರ್ಚು ಮಾಡುವ ಸಂಸಾರಕ್ಕೆ ಉಳಿಯುವುದು ಕೈಪಿಡಿ ಬೇಡವೆನ್ನುವ ಆಫ್‌ಸೀಸನ್ ಮಾತ್ರ.

ಹಾಗೆಂದು ಬೇಸರಪಡಬೇಕಾಗಿಲ್ಲ. ಎತ್ತರದ ಕಟ್ಟಡಗಳು, ರಾತ್ರಿಯ ದೀಪಗಳು, ಬಂದರಿನ ಸೊಬಗು ಇವೆಲ್ಲ ಯಾವ ಕಾಲದಲ್ಲಿ ಹೋದರೂ ಕಾಣುತ್ತವೆ. ಆದರೆ ಈ ಊರು ಸೆಕೆಗೂ ಮಳೆಗೂ ಗಾಳಿಗೂ ಎದುರಾಗಿ ತನ್ನನ್ನು ಹೇಗೆ ಕಟ್ಟಿಕೊಂಡಿದೆ ಎಂಬುದು ಕಾಣುವುದು ಬೇಸಗೆಯಲ್ಲಿ ಮಾತ್ರ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನೋಡಲೇಬೇಕಾದದ್ದು ಬಹುಶಃ ಅದೇ.

ಕೋಲ್ಕತ್ತಾದ ಸಾಲಿನಲ್ಲಿ

ಭೂಪಟ ತೆರೆದು ನೋಡಿ. ಹಾಂಗ್‌ಕಾಂಗ್ ಇರುವುದು ಉತ್ತರ ಅಕ್ಷಾಂಶ 22 ಡಿಗ್ರಿಯನ್ನು ಸ್ವಲ್ಪ ದಾಟಿ. ಹೆಚ್ಚುಕಡಿಮೆ ಕೋಲ್ಕತ್ತಾದ ಸಾಲಿನಲ್ಲಿ. ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ಭೂಗೋಳದ ಲೆಕ್ಕದಲ್ಲಿ ಅದು ಉಷ್ಣವಲಯಕ್ಕೇ ಸೇರಬೇಕು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ಸೂರ್ಯ ನೇರ ನೆತ್ತಿಯ ಮೇಲೆ ಬರುವಂತೆ, ಅಲ್ಲಿ ಜೂನ್ ಆರಂಭದಲ್ಲೊಮ್ಮೆ, ಜುಲೈಯಲ್ಲೊಮ್ಮೆ ಬರುತ್ತಾನೆ. ಆದರೆ ಚಳಿಗಾಲದಲ್ಲಿ ಚೀನಾದ ಒಳನಾಡಿನಿಂದ ಬೀಸುವ ತಣ್ಣನೆಯ ಗಾಳಿ ಊರನ್ನು ತಂಪಾಗಿಸುತ್ತದೆ. ಆದ್ದರಿಂದ ಹವಾಮಾನದ ಪುಸ್ತಕಗಳು ಅದನ್ನು ಉಪೋಷ್ಣವಲಯದ ನಗರ ಎನ್ನುತ್ತವೆ. ವರ್ಷಕ್ಕೆ ನಾಲ್ಕು ಋತುಗಳು ಉಂಟು. ಅವುಗಳಲ್ಲಿ ಬೇಸಗೆಯೇ ಉದ್ದ.

ಜುಲೈ ತಿಂಗಳ ಸರಾಸರಿ ಗರಿಷ್ಠ ಉಷ್ಣಾಂಶ 31-32 ಡಿಗ್ರಿ ಸೆಲ್ಸಿಯಸ್. ಕಲಬುರಗಿಯಲ್ಲೋ ರಾಯಚೂರಿನಲ್ಲೋ 40 ದಾಟುವುದನ್ನು ಕಂಡವರಿಗೆ ಇದೇನು ಮಹಾ ಎನ್ನಿಸೀತು. ಆದರೆ ರಾತ್ರಿಯೂ ಅಲ್ಲಿ ಉಷ್ಣಾಂಶ ಸರಾಸರಿ 27ರ ಆಸುಪಾಸಿಗಷ್ಟೇ ಇಳಿಯುತ್ತದೆ. ಗಾಳಿಯಲ್ಲಿ ತೇವ ತುಂಬಿಕೊಂಡಿರುವುದರಿಂದ ಮೈಮೇಲಿನ ಬೆವರು ಆರುವುದಿಲ್ಲ. ಬೆವರು ಆರಿದಾಗಲೇ ಮೈ ತಣ್ಣಗಾಗುವುದು; ಆರದಿದ್ದರೆ 32 ಡಿಗ್ರಿಯೂ 40ರಂತೆ ಕಾಡುತ್ತದೆ. ಮಂಗಳೂರು, ಕಾರವಾರದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಳೆಯ ಲೆಕ್ಕವೂ ನಮ್ಮ ಕರಾವಳಿಯನ್ನು ನೆನಪಿಸುವಂಥದು. ವರ್ಷಕ್ಕೆ ಸುಮಾರು 2,400 ಮಿ.ಮೀ. ಮಳೆ, ಅಂದರೆ ಬೆಂಗಳೂರಿನ ಎರಡು ಪಟ್ಟಿಗೂ ಮಿಕ್ಕು, ಮಂಗಳೂರಿಗಿಂತ ಕಡಿಮೆ. ಅದರಲ್ಲಿ ಹೆಚ್ಚಿನ ಪಾಲು ಬೀಳುವುದು ಮೇಯಿಂದ ಸೆಪ್ಟೆಂಬರ್‌ವರೆಗಿನ ಐದೇ ತಿಂಗಳಲ್ಲಿ. ಜೂನ್ ಒಂದರಲ್ಲೇ ಸರಾಸರಿ 490 ಮಿ.ಮೀ.ನಷ್ಟು ಸುರಿಯುತ್ತದೆ.

ಒಳಗಿನ ಊರು, ಹೊರಗಿನ ಊರು

ಬೇಸಗೆಯಲ್ಲಿ ಹಾಂಗ್‌ಕಾಂಗ್ ಎರಡು ಊರುಗಳಾಗಿ ಒಡೆಯುತ್ತದೆ. ಒಳಗೆ ಒಂದು, ಹೊರಗೆ ಒಂದು. ಮೆಟ್ರೊ ರೈಲು, ಅಂಗಡಿ ಸಂಕೀರ್ಣ, ಬ್ಯಾಂಕು, ಬಸ್ಸು ಎಲ್ಲವೂ ಹವಾನಿಯಂತ್ರಿತ. ಹೊರಗೆ ಬೆವರಿ ಒದ್ದೆಯಾದವರು ಬಾಗಿಲು ತಳ್ಳಿ ಒಳಗೆ ಹೆಜ್ಜೆಯಿಟ್ಟರೆ ಹಲ್ಲು ಕಟಕಟಿಸುವಷ್ಟು ಚಳಿ. ನಡುಬೇಸಗೆಯಲ್ಲೂ ಅಲ್ಲಿನ ಹೆಂಗಸರ ಕೈಚೀಲದಲ್ಲಿ ಒಂದು ತೆಳು ಸ್ವೆಟರ್ ಇರುವುದು ಇದಕ್ಕಾಗಿಯೇ. ಮಕ್ಕಳಿಗೂ ಹಿರಿಯರಿಗೂ ಒಂದೊಂದು ಒಯ್ಯುವುದು ಒಳ್ಳೆಯದು.

ಸೆಂಟ್ರಲ್ ಎಂಬ ಬಡಾವಣೆಯಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಸೂರು ಹೊದಿಸಿದ ಕಾಲುಸೇತುವೆಗಳಿವೆ. ಮಳೆ ಎಷ್ಟೇ ಸುರಿಯಲಿ, ರಸ್ತೆಗೆ ಇಳಿಯದೆ, ಕೊಡೆ ಬಿಚ್ಚದೆ ಬಹಳ ದೂರ ನಡೆಯಬಹುದು. ಅಲ್ಲಿಂದ ಗುಡ್ಡದ ಮೇಲಿನ ಮನೆಗಳತ್ತ 1993ರಲ್ಲಿ ತೆರೆದ ಚಲಿಸುವ ಮೆಟ್ಟಿಲುಗಳ ಸಾಲು ಏರುತ್ತದೆ. ಒಟ್ಟು ಉದ್ದ ಸುಮಾರು 800 ಮೀಟರ್. ಒಂದೇ ಎಸ್ಕಲೇಟರ್ ಅಲ್ಲ; ಒಂದರ ತುದಿಗೆ ಇನ್ನೊಂದು ಜೋಡಿಸಿಕೊಂಡ ಸರಪಳಿ. ಬೆಳಗಿನ ಹೊತ್ತು ಅದು ಕೆಳಮುಖವಾಗಿ ಚಲಿಸಿ ಜನರನ್ನು ಕಚೇರಿಗೆ ಇಳಿಸುತ್ತದೆ. ಆಮೇಲೆ ದಿಕ್ಕು ಬದಲಿಸಿ ರಾತ್ರಿಯವರೆಗೆ ಮೇಲಕ್ಕೆ ಒಯ್ಯುತ್ತದೆ. ಈ ಸೆಕೆಯಲ್ಲಿ ಆ ಗುಡ್ಡವನ್ನು ಕಾಲ್ನಡಿಗೆಯಲ್ಲಿ ಏರಿ ನೋಡಿದವರಿಗೆ ಅದನ್ನು ಏಕೆ ಕಟ್ಟಿದರೆಂದು ತಾನಾಗಿ ತಿಳಿಯುತ್ತದೆ.

ಹೊರಗಿನ ಊರಿಗೆ ಬೇರೆಯದೇ ಚಹರೆ. ಪಾದಚಾರಿಗಳ ತಲೆಯ ಮೇಲೆ ತಟತಟನೆ ನೀರು ತೊಟ್ಟಿಕ್ಕುತ್ತಿರುತ್ತದೆ. ಮಳೆಯಲ್ಲ, ಮೇಲಿನ ಸಾವಿರಾರು ಕಿಟಕಿಗಳ ಏರ್‌ಕಂಡೀಷನರ್‌ಗಳಿಂದ ಬೀಳುವ ನೀರು. ಆ ಯಂತ್ರಗಳು ಒಳಗಿನ ಬಿಸಿಯನ್ನು ಬೀದಿಗೆ ಉಗುಳುತ್ತವೆ. ಒಳಗಿನವರ ತಂಪಿಗೆ ಹೊರಗಿನವರು ತೆರುವ ಬೆಲೆ ಇದು.

ಹೊರಗಿದ್ದೂ ಸೆಕೆ ತಪ್ಪಿಸಿಕೊಳ್ಳಲು ಅಗ್ಗದ ಉಪಾಯ ಎಂದರೆ ಸ್ಟಾರ್ ಫೆರ್ರಿ. ಕೌಲೂನ್ ದಂಡೆಯ ಚಿಮ್ ಶಾ ಚುಯ್‌ನಿಂದ ಹಾಂಗ್‌ಕಾಂಗ್ ದ್ವೀಪಕ್ಕೆ ಕೆಲವೇ ನಿಮಿಷಗಳ ದೋಣಿಯಾನ. ಸಮುದ್ರದ ಗಾಳಿ ಮುಖಕ್ಕೆ ಬೀಸುತ್ತದೆ. ಈ ದೋಣಿ ಸೇವೆಯ ಮೂಲಪುರುಷ ದೊರಾಬ್ಜಿ ನವರೋಜಿ ಎಂಬ ಪಾರ್ಸಿ. 1898ರಲ್ಲಿ ಅದು ಸ್ಟಾರ್ ಫೆರ್ರಿ ಎಂಬ ಹೆಸರಿನ ಕಂಪನಿಯಾಯಿತು. 1911ರಲ್ಲಿ ಆರಂಭವಾದ ಹಾಂಗ್‌ಕಾಂಗ್ ವಿಶ್ವವಿದ್ಯಾಲಯಕ್ಕೆ ದೊಡ್ಡ ದಾನ ಕೊಟ್ಟವರೂ ಹೊರ್ಮುಸ್‌ಜಿ ಮೋದಿ ಎಂಬ ಪಾರ್ಸಿ ವರ್ತಕರೇ. ಅವರ ಹೆಸರಿನ ರಸ್ತೆ ಕೌಲೂನ್‌ನಲ್ಲಿದೆ. 1904ರಿಂದ ಓಡುತ್ತಿರುವ ಟ್ರಾಮ್‌ಗಳ ಮೇಲಂತಸ್ತಿನಲ್ಲಿ ಕಿಟಕಿ ಪಕ್ಕ ಕುಳಿತು ಊರು ನೋಡುವುದೂ ಮಕ್ಕಳಿಗೆ ಇಷ್ಟವಾಗುವ ಸಂಗತಿ.

ಅತಿ ಬಿಸಿಲಿನ ಮರುದಿನ

2017ರ ಆಗಸ್ಟ್ 22ರಂದು ಹಾಂಗ್‌ಕಾಂಗ್ ಹವಾಮಾನ ವೀಕ್ಷಣಾಲಯದ ಉಷ್ಣಮಾಪಕ 36.6 ಡಿಗ್ರಿ ತೋರಿಸಿತು. 1884ರಿಂದ ಅಲ್ಲಿಯವರೆಗೆ ದಾಖಲಾದ ಉಷ್ಣಾಂಶಗಳಲ್ಲೆಲ್ಲ ಅದೇ ಹೆಚ್ಚು. ಮೋಡವಿಲ್ಲ, ಗಾಳಿಯಿಲ್ಲ, ದೂರದ ಗುಡ್ಡಗಳು ಮಬ್ಬು. ಮರುದಿನ, ಆಗಸ್ಟ್ 23ರಂದು, 'ಹಾಟೊ' ಚಂಡಮಾರುತ ಬಂದು ಅಪ್ಪಳಿಸಿತು.

ಬಿಸಿಲಿಗೂ ಬಿರುಗಾಳಿಗೂ ಇದ್ದ ಈ ನಂಟು ಆಕಸ್ಮಿಕವಲ್ಲ. ಅಲ್ಲಿನವರು ಟೈಫೂನ್ ಎನ್ನುವುದೂ ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತವೂ ಒಂದೇ ಜಾತಿಯವು. ಅದರ ನಡುವಿನಲ್ಲಿ ಗಾಳಿ ರಭಸದಿಂದ ಮೇಲೇರುತ್ತದೆ. ಏರಿದ ಗಾಳಿ ಎತ್ತರದಲ್ಲಿ ಸುತ್ತಲೂ ಹರಡಿ, ನೂರಾರು ಕಿಲೋಮೀಟರ್ ಆಚೆ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಮೋಡಗಳನ್ನು ಕರಗಿಸುತ್ತದೆ. ಸೈಕಲ್ ಪಂಪು ಒತ್ತುವಾಗ ಅದರ ಕೊಳವೆ ಬಿಸಿಯಾಗುವುದಿಲ್ಲವೇ, ಅದೇ ತತ್ವ. ಜತೆಗೆ ಒಳನಾಡಿನ ಬಿಸಿಗಾಳಿಯೂ ಊರಿನತ್ತ ತಿರುಗುತ್ತದೆ. ಆದ್ದರಿಂದ ಹಾಂಗ್‌ಕಾಂಗ್‌ನಲ್ಲಿ ಆಗಸ್ಟ್ ತಿಂಗಳ ಮಿತಿಮೀರಿದ ಬಿಸಿಲು ಎಷ್ಟೋ ಸಲ ಬರಲಿರುವ ಗಾಳಿಯ ಮುನ್ಸೂಚನೆ. ಪಾಠಪುಸ್ತಕದಲ್ಲಿ ಓದಿದರೆ ಮರೆತುಹೋಗುವ ಈ ಸಂಗತಿ, ಆ ಊರಿನಲ್ಲಿ ಒಂದು ದಿನ ಬೆವರಿದ ವಿದ್ಯಾರ್ಥಿಗೆ ಮರೆಯುವುದಿಲ್ಲ.

ಹಾಟೊ ಬಂದ ದಿನ ಹಾಂಗ್‌ಕಾಂಗ್‌ನಲ್ಲಿ ಅತ್ಯುಚ್ಚ ಎಚ್ಚರಿಕೆಯಾದ 10ನೇ ಸಂಕೇತ ಏರಿತ್ತು. ಅಲ್ಲಿ ಯಾರೂ ಸಾಯಲಿಲ್ಲ. ಸುಮಾರು 60 ಕಿ.ಮೀ. ದೂರದ ಮಕಾವ್‌ನಲ್ಲಿ ಅದೇ ಗಾಳಿಗೆ, ಅದೇ ಸಮುದ್ರದ ಉಬ್ಬರಕ್ಕೆ 10 ಮಂದಿ ಬಲಿಯಾದರು. ಚಂಡಮಾರುತ ಮಕಾವ್‌ಗೆ ಇನ್ನೂ ಹತ್ತಿರದಲ್ಲಿ ಹಾದದ್ದು ನಿಜ. ಆದರೆ ಎಚ್ಚರಿಕೆ ತಡವಾಗಿ ಬಂತು ಎಂದು ಜನ ಸಿಟ್ಟಾದರು. ಅಲ್ಲಿನ ಹವಾಮಾನ ಕಚೇರಿಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಸಕಾಲಕ್ಕೆ ಬರುವ ಎಚ್ಚರಿಕೆಯ ಬೆಲೆ ಏನು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಂಕಿ ಮತ್ತು ಬಣ್ಣ

ಕೌಲೂನ್‌ನ ಒಂದು ಚಿಕ್ಕ ಗುಡ್ಡದ ಮೇಲೆ, ಗಗನಚುಂಬಿಗಳ ನಡುವೆ ಸಿಕ್ಕಿಕೊಂಡಂತೆ, 1883ರಲ್ಲಿ ಸ್ಥಾಪನೆಯಾದ ಹವಾಮಾನ ವೀಕ್ಷಣಾಲಯದ ಹಳೆಯ ಇಟ್ಟಿಗೆ ಕಟ್ಟಡ ಈಗಲೂ ಇದೆ. ಚಂಡಮಾರುತಕ್ಕೆ ಅಂಕಿಗಳ ಸಂಕೇತ ಕೊಡುವ ಪದ್ಧತಿ 1917ರಲ್ಲಿ ಆರಂಭವಾಯಿತು. ಆಗ ಬಂದರಿನ ಕಂಬಗಳ ಮೇಲೆ ಹಗಲು ಆಕೃತಿಗಳನ್ನೂ ರಾತ್ರಿ ದೀಪಗಳನ್ನೂ ಏರಿಸುತ್ತಿದ್ದರು. ಈಗ ಕಂಬಗಳು ಹೋಗಿವೆ, ಅಂಕಿಗಳು ಉಳಿದಿವೆ.

ಇಂದು ಬಳಕೆಯಲ್ಲಿರುವ ಅಂಕಿಗಳು 1, 3, 8, 9, 10. ನಡುವಿನವು ಎಲ್ಲಿ ಹೋದವು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಹಿಂದೆ 5, 6, 7, 8 ಎಂಬ ನಾಲ್ಕು ಸಂಕೇತಗಳು ಬಿರುಗಾಳಿ ಬೀಸುವ ನಾಲ್ಕು ದಿಕ್ಕುಗಳನ್ನು ಸೂಚಿಸುತ್ತಿದ್ದವು; ಗಾಳಿಯ ಬಲ ನಾಲ್ಕರಲ್ಲೂ ಒಂದೇ. ಆದರೆ 5 ಎಂದರೆ 8ಕ್ಕಿಂತ ಹಗುರ ಎಂದು ಜನ ತಪ್ಪು ತಿಳಿಯುವ ಸಂಭವವಿತ್ತು. 1973ರಿಂದ ನಾಲ್ಕಕ್ಕೂ 8 ಎಂದೇ ಕರೆದು, ಪಕ್ಕದಲ್ಲಿ ದಿಕ್ಕನ್ನು ಬರೆದರು. ತಿಳಿದವನಿಗೆ ಅರ್ಥವಾದರೆ ಸಾಲದು, ಬೀದಿಯಲ್ಲಿ ನಡೆಯುವವನಿಗೂ ತಪ್ಪು ತಿಳಿವಳಿಕೆ ಆಗಬಾರದು ಎಂಬ ಕಾಳಜಿ ಆ ಒಂದು ತಿದ್ದುಪಡಿಯಲ್ಲಿದೆ.

ಚಂಡಮಾರುತ 800 ಕಿ.ಮೀ. ಒಳಗೆ ಬಂದು, ಊರಿಗೆ ತಾಗುವ ಸಂಭವವಿದ್ದರೆ 1ನೇ ಸಂಕೇತ. 3 ಬಂದರೆ ಶಿಶುವಿಹಾರಗಳಿಗೆ ರಜೆ. 8 ಬಂದರೆ ಎಲ್ಲ ಶಾಲೆಗಳಿಗೂ ರಜೆ, ದೋಣಿಗಳು ನಿಲ್ಲುತ್ತವೆ, ಬಹುತೇಕ ಅಂಗಡಿ-ಕಚೇರಿಗಳು ಬಾಗಿಲು ಹಾಕುತ್ತವೆ. 8ನ್ನು ಏರಿಸುವ ಮುನ್ನ ಎರಡು ಗಂಟೆಯೊಳಗಿನ ಮುನ್ಸೂಚನೆ ಬರುತ್ತದೆ. ಜನ ಮನೆ ಸೇರಿಕೊಳ್ಳಲಿ ಎಂದು. ಷೇರುಪೇಟೆ ಕೂಡ ಹಿಂದೆ ಮುಚ್ಚುತ್ತಿತ್ತು. 2024ರ ಸೆಪ್ಟೆಂಬರ್‌ನಿಂದ ಮಾತ್ರ ಅದು ಗಾಳಿಮಳೆಯಲ್ಲೂ ವ್ಯವಹಾರ ನಡೆಸುತ್ತಿದೆ.

ಮಳೆಗೆ ಅಂಕಿಯ ಬದಲು ಬಣ್ಣ. 1992ರಲ್ಲಿ ಶುರುವಾದ ಈ ವ್ಯವಸ್ಥೆ ಈಗಿನ ರೂಪಕ್ಕೆ ಬಂದದ್ದು 1998ರಲ್ಲಿ. ಗಂಟೆಗೆ 30 ಮಿ.ಮೀ. ದಾಟಿದರೆ ಹಳದಿ, 50 ದಾಟಿದರೆ ಕೆಂಪು, 70 ದಾಟಿದರೆ ಕಪ್ಪು. ಮಕ್ಕಳು ತರಗತಿಯಲ್ಲಿರುವಾಗ ಕೆಂಪು ಅಥವಾ ಕಪ್ಪು ಸೂಚನೆ ಬಂದರೆ ಅವರನ್ನು ಮಳೆಯಲ್ಲಿ ಮನೆಗೆ ಅಟ್ಟುವುದಿಲ್ಲ. ಹೊರಗೆ ಹೋಗುವುದು ಸುರಕ್ಷಿತ ಎನ್ನುವವರೆಗೆ ಶಾಲೆಯಲ್ಲೇ ಇರಿಸಿಕೊಳ್ಳುತ್ತಾರೆ. ನಮ್ಮ ಕರಾವಳಿ, ಮಲೆನಾಡಿನ ತಂದೆತಾಯಂದಿರು ಜುಲೈ ತಿಂಗಳ ಬೆಳಗ್ಗೆ ಜಿಲ್ಲಾಧಿಕಾರಿಗಳು ರಜೆ ಸಾರಿದ್ದಾರೆಯೇ ಎಂದು ಕಾಯುವುದುಂಟು. ಅಲ್ಲಿನ ಪಾಲಕರೂ ಕಾಯುತ್ತಾರೆ. ಆದರೆ ಯಾವ ಬಣ್ಣಕ್ಕೆ ಏನು ಎಂಬ ನಿಯಮ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ.

ಈ ವ್ಯವಸ್ಥೆ ಎಲ್ಲವನ್ನೂ ಗೆದ್ದಿದೆ ಎಂದೇನೂ ಅಲ್ಲ. 2023ರ ಸೆಪ್ಟೆಂಬರ್ 7ರ ರಾತ್ರಿ 11ರಿಂದ 12ರವರೆಗಿನ ಒಂದೇ ಗಂಟೆಯಲ್ಲಿ 158.1 ಮಿ.ಮೀ. ಮಳೆ ಸುರಿಯಿತು. ಅಷ್ಟು ಮಳೆ ಒಂದು ಗಂಟೆಯಲ್ಲಿ ಬಿದ್ದದ್ದು ದಾಖಲೆಗಳು ಶುರುವಾದ ಮೇಲೆ ಅದೇ ಮೊದಲು. ಮೆಟ್ರೊ ನಿಲ್ದಾಣವೊಂದಕ್ಕೂ ನೀರು ನುಗ್ಗಿತು. ಮುನ್ನೆಚ್ಚರಿಕೆ ಸಾಕಷ್ಟು ಮೊದಲೇ ಬರಲಿಲ್ಲ ಎಂದು ಜನ ಟೀಕಿಸಿದರು. ಎಚ್ಚರಿಕೆ ಕೊಡುವವರನ್ನು ಜನ ಹೀಗೆ ಪ್ರಶ್ನಿಸುವುದೂ ಆ ವ್ಯವಸ್ಥೆ ಜೀವಂತವಾಗಿದೆ ಎಂಬುದರ ಗುರುತು.

ನಂಬರು ಹೊತ್ತ ಗುಡ್ಡಗಳು

ಹಾಂಗ್‌ಕಾಂಗ್‌ನ ಬೀದಿಗಳಲ್ಲಿ ನಡೆಯುವಾಗ ಮನೆಗಳ ಹಿಂದೆ, ರಸ್ತೆಯ ಪಕ್ಕ, ಶಾಲೆಯ ಬೆನ್ನಿಗೆ ಕಡಿದು ನಿಲ್ಲಿಸಿದ ಗುಡ್ಡದ ಮೈ ಕಾಣುತ್ತದೆ. ಕೆಲವಕ್ಕೆ ಸಿಮೆಂಟಿನ ಹೊದಿಕೆ, ಕೆಲವಕ್ಕೆ ಹುಲ್ಲಿನ ಹೊದಿಕೆ. ಅಲ್ಲಲ್ಲಿ ಒಳಗಿನ ನೀರು ಹೊರಬರಲು ಸಣ್ಣ ಕೊಳವೆಗಳು, ಅಂಚಿನಲ್ಲಿ ಚರಂಡಿ, ಹತ್ತಿ ನೋಡಲು ಮೆಟ್ಟಿಲು. ಬುಡದಲ್ಲಿ ಒಂದು ಸಣ್ಣ ಫಲಕ. ಅದರ ಮೇಲೆ ಅಕ್ಷರ ಮತ್ತು ಅಂಕಿಗಳು. ಅದು ಆ ಇಳಿಜಾರಿನ ನೋಂದಣಿ ಸಂಖ್ಯೆ. ವಾಹನಕ್ಕೆ ನಂಬರು ಇರುವಂತೆ ಅಲ್ಲಿ ಗುಡ್ಡಕ್ಕೂ ನಂಬರು! ಇಂಥ ಸುಮಾರು 60,000 ಮಾನವನಿರ್ಮಿತ ಇಳಿಜಾರುಗಳು ಅಲ್ಲಿನ ಸರ್ಕಾರದ ಪಟ್ಟಿಯಲ್ಲಿವೆ.

ಈ ಪಟ್ಟಿಯ ಹಿಂದೆ ದುಃಖದ ಕಥೆಯಿದೆ. 1972ರ ಜೂನ್ 16ರಿಂದ 18ರವರೆಗಿನ ಮೂರು ದಿನಗಳಲ್ಲಿ 650 ಮಿ.ಮೀ.ಗೂ ಹೆಚ್ಚು ಮಳೆ ಬಿತ್ತು. 18ರಂದು ಮಧ್ಯಾಹ್ನ ಕೌಲೂನ್‌ನ ಸಾವ್ ಮಾವ್ ಪಿಂಗ್‌ನಲ್ಲಿ ರಸ್ತೆಗಾಗಿ ತುಂಬಿದ್ದ ಮಣ್ಣಿನ ದಿಬ್ಬ ಜಾರಿ ಕೆಳಗಿನ ಗುಡಿಸಲುಗಳ ಮೇಲೆ ಬಿತ್ತು. 71 ಜನ ಸತ್ತರು. ಅದೇ ರಾತ್ರಿ ದ್ವೀಪದ ಪೋ ಶಾನ್ ರಸ್ತೆಯ ಗುಡ್ಡ ಕುಸಿದು, ಅನುಕೂಲಸ್ಥರು ವಾಸವಿದ್ದ 12 ಅಂತಸ್ತಿನ ಕಟ್ಟಡವನ್ನು ಉರುಳಿಸಿತು. 67 ಜನ ಸತ್ತರು. ಬಡವರ ಗುಡಿಸಲು, ಉಳ್ಳವರ ಮಹಡಿ ಎಂಬ ಭೇದವನ್ನು ಮಣ್ಣು ಮಾಡಲಿಲ್ಲ. 1976ರ ಆಗಸ್ಟ್‌ನಲ್ಲಿ ಸಾವ್ ಮಾವ್ ಪಿಂಗ್‌ನಲ್ಲೇ ಮತ್ತೆ ಕುಸಿತವಾಗಿ 18 ಜನ ಸತ್ತರು.

ಇಷ್ಟಾದ ಮೇಲೆ 1977ರಲ್ಲಿ ಗುಡ್ಡಗಳ ಸುರಕ್ಷತೆಗೆಂದೇ ಒಂದು ಕಚೇರಿ ಹುಟ್ಟಿತು. ಯಾವುದನ್ನೇ ಕಟ್ಟುವ ಮುನ್ನ ಇಳಿಜಾರಿನ ನಕ್ಷೆಗೆ ಒಪ್ಪಿಗೆ ಪಡೆಯಬೇಕೆಂಬ ನಿಯಮ, ಹಳೆಯ ಇಳಿಜಾರುಗಳ ಎಣಿಕೆ, ಅಪಾಯದವನ್ನು ಮೊದಲು ಭದ್ರಪಡಿಸುವ ಕೆಲಸ, ಮಳೆ ಹೆಚ್ಚಾದಾಗ ಕುಸಿತದ ಎಚ್ಚರಿಕೆ ಇವೆಲ್ಲ ಒಂದೊಂದಾಗಿ ಬಂದವು. ಖಾಸಗಿ ಜಾಗದ ಇಳಿಜಾರಾದರೆ ಅದನ್ನು ನೋಡಿಕೊಳ್ಳುವ ಹೊಣೆ ಮಾಲೀಕರದೇ. ಆಮೇಲಿನ ದಶಕಗಳಲ್ಲಿ ಮಳೆ ಕಡಿಮೆಯಾಗಲಿಲ್ಲ, ಊರಿನ ಜನಸಂಖ್ಯೆ ಕಡಿಮೆಯಾಗಲಿಲ್ಲ. ಕುಸಿತದಿಂದಾಗುವ ಸಾವು ಮಾತ್ರ ತೀರಾ ಕಡಿಮೆಯಾಯಿತು.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಜನ ಮಣ್ಣುಪಾಲಾದದ್ದನ್ನು ಕಂಡವರು ನಾವು. ಆ ಸಣ್ಣ ಫಲಕದ ಮುಂದೆ ಮಕ್ಕಳನ್ನು ನಿಲ್ಲಿಸಿ ಒಂದು ನಿಮಿಷ ಮಾತಾಡಿದರೆ ವ್ಯರ್ಥವಾಗಲಾರದು. ಘಟ್ಟದ ಗುಡ್ಡ ಬೇರೆ, ಅಲ್ಲಿನ ಗುಡ್ಡ ಬೇರೆ ಎಂಬುದು ಸರಿ. ಆದರೆ ಕಡಿದ ಗುಡ್ಡವನ್ನು ಎಣಿಸಿಡುವುದು, ಅದಕ್ಕೊಬ್ಬ ಹೊಣೆಗಾರನನ್ನು ಗೊತ್ತುಮಾಡುವುದು ಎಲ್ಲಿಯಾದರೂ ಮಾಡಬಹುದಾದ ಕೆಲಸ.

ನೆರೆಯ ವಿಷಯದಲ್ಲೂ ಇಂಥದೇ ಒಂದು ಉಪಾಯವುಂಟು. ಕುದುರೆ ಪಂದ್ಯಕ್ಕೆ ಹೆಸರಾದ ಹ್ಯಾಪಿ ವ್ಯಾಲಿಯ ಆಟದ ಮೈದಾನಗಳ ಕೆಳಗೆ 60,000 ಘನ ಮೀಟರ್, ಅಂದರೆ 6 ಕೋಟಿ ಲೀಟರ್ ಮಳೆನೀರು ಹಿಡಿಯುವ ತೊಟ್ಟಿ ಕಟ್ಟಿದ್ದಾರೆ. ಮಳೆ ಜೋರಾದಾಗ ನೀರು ಬೀದಿಗೆ ನುಗ್ಗುವ ಬದಲು ಅಲ್ಲಿ ನಿಲ್ಲುತ್ತದೆ. ಮೇಲೆ ಹುಡುಗರು ಚೆಂಡಾಡುತ್ತಿರುತ್ತಾರೆ.

ಸೆಕೆ ಎಲ್ಲರಿಗೂ ಒಂದೇ ಅಲ್ಲ

ಇಷ್ಟು ಜಾಣತನ ತೋರಿದ ಊರಿನಲ್ಲೂ ಸೆಕೆಯ ಹಂಚಿಕೆ ಸಮವಾಗಿಲ್ಲ. ಒಂದು ಮನೆಯನ್ನು ಗೋಡೆ ಹಾಕಿ ಮೂರೋ ನಾಲ್ಕೋ ಪಾಲು ಮಾಡಿ ಬಾಡಿಗೆಗೆ ಕೊಡುವ ಪದ್ಧತಿ ಅಲ್ಲಿದೆ. 2021ರ ಜನಗಣತಿಯ ಪ್ರಕಾರ ಇಂಥ ಪಾಲುಮನೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳು, ಎರಡು ಲಕ್ಷಕ್ಕೂ ಹೆಚ್ಚು ಜನ ಇದ್ದರು. ತಲೆಗೆ ಸಿಗುವ ಜಾಗ 6 ಚದರ ಮೀಟರಿನ ಆಸುಪಾಸು. ಕೆಲವಕ್ಕೆ ಸರಿಯಾದ ಕಿಟಕಿಯೂ ಇಲ್ಲ. ಅಲ್ಲಿ ಕುಳಿತು ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಸಾರ್ವಜನಿಕ ಗ್ರಂಥಾಲಯಗಳು ಬೇಸಗೆಯಲ್ಲಿ ತುಂಬಿರುವುದಕ್ಕೆ ಪುಸ್ತಕಪ್ರೀತಿಯ ಜತೆ ಇದೂ ಒಂದು ಕಾರಣವಿದ್ದೀತು.

ಭಾನುವಾರ ಸೆಂಟ್ರಲ್ ಕಡೆ ಹೋದರೆ ಬ್ಯಾಂಕ್ ಕಟ್ಟಡಗಳ ಕೆಳಗೆ, ಕಾಲುಸೇತುವೆಗಳ ಅಂಚಿನಲ್ಲಿ ರಟ್ಟು ಹಾಸಿಕೊಂಡು ಸಾವಿರಾರು ಹೆಂಗಸರು ಕುಳಿತಿರುತ್ತಾರೆ. ಫಿಲಿಪ್ಪೀನ್ಸ್ ಮತ್ತು ಇಂಡೊನೇಷ್ಯಾದಿಂದ ಮನೆಗೆಲಸಕ್ಕೆ ಬಂದವರು. ಊರಿನಲ್ಲಿ ಇವರ ಸಂಖ್ಯೆ ಮೂರು ಲಕ್ಷಕ್ಕೂ ಹೆಚ್ಚು. ಯಜಮಾನರ ಮನೆಯಲ್ಲೇ ವಾಸ ಮಾಡಬೇಕಾದ ಇವರಿಗೆ ವಾರಕ್ಕೊಂದು ರಜೆ. ಆ ದಿನ ಕೂರಲು ಸ್ವಂತದ್ದೊಂದು ಜಾಗವಿಲ್ಲ. ಸೆಕೆಯಲ್ಲೇ ಊಟ ಹಂಚಿಕೊಳ್ಳುತ್ತ, ಊರಿನಲ್ಲಿ ಬಿಟ್ಟುಬಂದ ಮಕ್ಕಳೊಡನೆ ಫೋನಿನಲ್ಲಿ ಮಾತಾಡುತ್ತ ದಿನ ಕಳೆಯುತ್ತಾರೆ. ಇವರನ್ನು ನೋಡುವ ನೋಟವಾಗಿಸದೆ, ಫೋಟೊ ತೆಗೆಯದೆ ಹಾದುಹೋಗುವುದು ಸೌಜನ್ಯ.

ಬಿಸಿಲು ಮಿತಿಮೀರಿದ ದಿನ ಸಮುದಾಯ ಭವನಗಳನ್ನು ತಾತ್ಕಾಲಿಕ ತಂಗುದಾಣಗಳಾಗಿ ತೆರೆಯುತ್ತಾರೆ; ಯಾರು ಬೇಕಾದರೂ ಒಳಗೆ ಕೂರಬಹುದು. ಬಿಸಿಲಿನಲ್ಲಿ ದುಡಿಯುವವರಿಗಾಗಿ 2023ರ ಮೇ ತಿಂಗಳಿಂದ ಬೇರೆಯೇ ಒಂದು ಎಚ್ಚರಿಕೆ ಜಾರಿಗೆ ಬಂದಿದೆ. ಅದಕ್ಕೂ ಹಳದಿ, ಕೆಂಪು, ಕಪ್ಪು ಎಂಬ ಮೂರು ಮೆಟ್ಟಿಲು. ಇಂಥ ಹೊತ್ತಿನಲ್ಲಿ ಕೆಲಸಗಾರರಿಗೆ ಎಷ್ಟು ವಿರಾಮ ಕೊಡಬೇಕೆಂಬ ಮಾರ್ಗಸೂಚಿಯನ್ನೂ ಹೊರಡಿಸಿದ್ದಾರೆ.

ಉಷ್ಣ, ತಂಪು

"ಮಾವಿನಹಣ್ಣು ಜಾಸ್ತಿ ತಿನ್ನಬೇಡ, ಉಷ್ಣ" ಎಂದು ನಮ್ಮ ಅಜ್ಜಿಯರು ಗದರಿಸುತ್ತಾರಲ್ಲ, ಅಲ್ಲಿನ ಅಜ್ಜಿಯರೂ ಹಾಗೆಯೇ. ಅವರು ಗದರಿಸುವುದು ಲಿಚಿ ಹಣ್ಣಿಗೆ. ಜೂನ್-ಜುಲೈಯಲ್ಲಿ ಕೆಂಪು ಲಿಚಿಯ ರಾಶಿ ಬೀದಿಬೀದಿಯಲ್ಲಿ. ತಿಂದು ಮೈ ಉಷ್ಣವಾದರೆ ಅದಕ್ಕೆ ಮದ್ದು ಗಿಡಮೂಲಿಕೆಯ ಚಹ. ಅದರ ಹೆಸರಿನ ಅರ್ಥವೇ 'ತಂಪು ಚಹ'. ಹೆಸರು ತಂಪಾದರೂ ಅನೇಕರು ಕುಡಿಯುವುದು ಬಿಸಿಯಾಗಿಯೇ. ಬಣ್ಣ ಕಪ್ಪು, ರುಚಿ ಕಹಿ. ನಮ್ಮ ಕಷಾಯದ ದಾಯಾದಿ. ಬೀದಿಬದಿಯ ಅಂಗಡಿಯಲ್ಲಿ ನಿಂತು ಬಟ್ಟಲು ಎತ್ತಿ ಒಂದೇ ಗುಟುಕಿಗೆ ಕುಡಿದು ಮುಂದೆ ನಡೆಯುತ್ತಾರೆ. 2006ರಲ್ಲಿ ಚೀನಾ ಸರ್ಕಾರ ಇದನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಸ್ಯಾಹಾರಿಗಳಿಗೆ ಕಷ್ಟವಾದೀತು ಎಂಬ ಭಯ ಅರ್ಧ ನಿಜ. ತರಕಾರಿ ಎಂದು ಹೇಳಿದ ಬಟ್ಟಲಿನಲ್ಲೂ ಸಿಂಪಿಮೀನಿನ ಸಾಸ್ ಇರಬಹುದು. ಆದರೆ ಬೌದ್ಧರ ಸಸ್ಯಾಹಾರದ ಸಂಪ್ರದಾಯವೂ ಗಟ್ಟಿಯಾಗಿದೆ. ಅದಕ್ಕೆ ಅಲ್ಲಿನ ಮಾತಿನಲ್ಲಿ 'ಜಾಯ್' ಎನ್ನುತ್ತಾರೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಮಾಂಸ ಬಿಡುವವರು ಅನೇಕರು. ನಮ್ಮ ಏಕಾದಶಿಯ ನೆನಪಾಗುತ್ತದೆ. ಲಾಂಟಾವ್ ದ್ವೀಪದಲ್ಲಿ 268 ಮೆಟ್ಟಿಲುಗಳ ಮೇಲೆ ಕುಳಿತ 34 ಮೀಟರ್ ಎತ್ತರದ ಬುದ್ಧನ ಬಳಿಯ ಪೋ ಲಿನ್ ಮಠದಲ್ಲಿ ಸಸ್ಯಾಹಾರದ ಊಟ ಸಿಗುತ್ತದೆ. ಕೌಲೂನ್‌ನ ಚಿ ಲಿನ್ ಸನ್ಯಾಸಿನಿಯರ ಮಠದ ಪಕ್ಕದ ಉದ್ಯಾನದಲ್ಲೂ ಉಂಟು. ಮೊಳೆಯಿಲ್ಲದೆ ಮರಕ್ಕೆ ಮರ ಬೆಸೆದು ಕಟ್ಟಿದ ಆ ಮಠದ ನೆರಳು ನಡುಹಗಲಿಗೆ ಹೇಳಿಸಿದ ಜಾಗ. ನಮ್ಮ ಊಟವೇ ಬೇಕೆಂದರೆ ಚಿಮ್ ಶಾ ಚುಯ್‌ನ ಚುಂಗ್‌ಕಿಂಗ್ ಮ್ಯಾನ್ಷನ್ಸ್ ಎಂಬ ಹಳೆಯ ಕಟ್ಟಡದಲ್ಲಿ ಭಾರತೀಯ ಮೆಸ್‌ಗಳಿವೆ.

ಆಗಸ್ಟ್ ಆಸುಪಾಸು, ಚಾಂದ್ರಮಾನದ ಏಳನೇ ತಿಂಗಳಲ್ಲಿ, ಸಂಜೆ ರಸ್ತೆಯ ಅಂಚಿನಲ್ಲಿ ಜನ ಕಾಗದದ ನೋಟುಗಳನ್ನು ಸುಡುತ್ತಿರುತ್ತಾರೆ. ಹಸಿದ ಪ್ರೇತಗಳನ್ನೂ ಹಿರಿಯರನ್ನೂ ತಣಿಸುವ ಹಬ್ಬ. ಬಿದಿರಿನ ಮಂಟಪ ಕಟ್ಟಿ ಹಾಡಿನ ನಾಟಕ ಆಡಿಸುತ್ತಾರೆ. ಮಹಾಲಯ ಪಕ್ಷ ಆಚರಿಸುವ ನಮಗೆ ಇದು ಪರಕೀಯ ಎನ್ನಿಸುವುದಿಲ್ಲ.

ಜುಲೈಯಲ್ಲಿ ಹೋದವರಿಗೆ ಇನ್ನೊಂದು ಲಾಭ, ಪುಸ್ತಕ ಮೇಳ. 1990ರಲ್ಲಿ ಶುರುವಾದ ಈ ಮೇಳಕ್ಕೆ ಒಂದು ವಾರದಲ್ಲಿ ಹತ್ತು ಲಕ್ಷದ ಆಸುಪಾಸು ಜನ ಬಂದ ವರ್ಷಗಳಿವೆ. ಪುಸ್ತಕ ತುಂಬಿಕೊಳ್ಳಲು ಚಕ್ರದ ಸೂಟ್‌ಕೇಸ್ ಎಳೆದುಕೊಂಡೇ ಬರುತ್ತಾರೆ. ಅದೇ ತಿಂಗಳಲ್ಲಿ ಅಲ್ಲಿನ ಪ್ರೌಢಶಿಕ್ಷಣದ ಕೊನೆಯ ಪರೀಕ್ಷೆಯ ಫಲಿತಾಂಶವೂ ಬರುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನದ ನಮ್ಮ ಮನೆಗಳ ಚಡಪಡಿಕೆಯೇ ಆ ದಿನ ಅಲ್ಲಿಯೂ.

ಹೋಗುವವರು ಗಮನಿಸಬೇಕಾದದ್ದು

ದಿನವನ್ನು ಮೂರು ಪಾಲು ಮಾಡಿಕೊಳ್ಳುವುದು ಜಾಣತನ. ಬೆಳಗ್ಗೆ ಬೇಗನೆ ಎದ್ದು ಹೊರಗಿನ ಊರು ನೋಡಬೇಕು. ಉದ್ಯಾನಗಳಲ್ಲಿ ಮುದುಕರು ನಿಧಾನವಾಗಿ ವ್ಯಾಯಾಮ ಮಾಡುವ ಹೊತ್ತು ಅದು. ಹನ್ನೊಂದರಿಂದ ನಾಲ್ಕರವರೆಗೆ ಒಳಗೆ: 1980ರಲ್ಲಿ ತೆರೆದ ಅಂತರಿಕ್ಷ ವಸ್ತುಸಂಗ್ರಹಾಲಯ, 1991ರಲ್ಲಿ ತೆರೆದ ವಿಜ್ಞಾನ ವಸ್ತುಸಂಗ್ರಹಾಲಯ ಎರಡೂ ಮಕ್ಕಳಿಗೆ ಒಂದೊಂದು ಇಡೀ ದಿನಕ್ಕಾಗುವಷ್ಟಿವೆ. ಸಂಜೆ ಮತ್ತೆ ದೋಣಿ, ಟ್ರಾಮು, ಬಂದರಿನ ದಂಡೆ. ಊರಿನ ಹತ್ತರಲ್ಲಿ ನಾಲ್ಕು ಪಾಲು ರಕ್ಷಿತ ಹಸಿರು ಗುಡ್ಡಗಳಾದರೂ ಬೇಸಗೆಯ ನಡುಹಗಲಿನಲ್ಲಿ ಚಾರಣ ಬೇಡ. ಸಮುದ್ರಸ್ನಾನಕ್ಕೆ ಜೀವರಕ್ಷಕರು ಇರುವ ಕಡಲತೀರಗಳನ್ನೇ ಆರಿಸಿಕೊಳ್ಳಬೇಕು. ಕೆಂಪು ಬಾವುಟ ಕಂಡರೆ ನೀರಿಗಿಳಿಯಬಾರದು.

ಭಾರತದ ಪಾಸ್‌ಪೋರ್ಟ್ ಇದ್ದವರು 2017ರ ಜನವರಿಯಿಂದ ಹೊರಡುವ ಮೊದಲೇ ಅಂತರಜಾಲದಲ್ಲಿ ಹೆಸರು ನೋಂದಾಯಿಸಿ ಚೀಟಿ ಪಡೆದುಕೊಳ್ಳುವ ನಿಯಮ ಬಂದಿದೆ. ಟಿಕೆಟ್ ಕೊಳ್ಳುವ ಮುನ್ನವೇ ಇದನ್ನು ಮುಗಿಸಿಕೊಳ್ಳುವುದು ಮೇಲು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಚಂಡಮಾರುತದಿಂದ ವಿಮಾನ ರದ್ದಾಗುವ ಸಂಭವ ಇದ್ದೇ ಇದೆ. ಆದ್ದರಿಂದ ಮರಳುವ ದಿನ ಮತ್ತು ಶಾಲೆ ತೆರೆಯುವ ದಿನದ ನಡುವೆ ಒಂದೆರಡು ದಿನ ಸಡಿಲ ಇಟ್ಟುಕೊಳ್ಳಬೇಕು; ಪ್ರವಾಸ ವಿಮೆ ಮಾಡಿಸಬೇಕು. ಹೋಟೆಲಿನಲ್ಲಿ ಉಳಿತಾಯವಾದ ಹಣದಲ್ಲಿ ಅದರ ಕಂತು ಸುಲಭವಾಗಿ ಹೊರಡುತ್ತದೆ.

ಒಂದು ವೇಳೆ 8ನೇ ಸಂಕೇತ ಏರಿದರೆ ಮಾಡಬೇಕಾದದ್ದು ಇಷ್ಟೆ: ಕುಡಿಯುವ ನೀರು, ಬಿಸ್ಕತ್ತು, ಹಣ್ಣು ತಂದಿಟ್ಟುಕೊಂಡು ಕೋಣೆಯಲ್ಲಿ ಉಳಿಯುವುದು, ಅಲೆಗಳನ್ನು ನೋಡಲೆಂದು ದಂಡೆಗೆ ಹೋಗದಿರುವುದು. 1962ರ ಸೆಪ್ಟೆಂಬರ್ 1ರಂದು ಬಂದ 'ವಾಂಡಾ' ಚಂಡಮಾರುತಕ್ಕೆ ಅಲ್ಲಿ ಸತ್ತವರು ಮತ್ತು ಕಾಣೆಯಾದವರು ಸೇರಿ 183. 2018ರ ಸೆಪ್ಟೆಂಬರ್ 16ರಂದು 'ಮಾಂಗ್ಖುಟ್' ಬಂದಾಗ 10ನೇ ಸಂಕೇತ ಹತ್ತು ಗಂಟೆ ಕಾಲ ಇಳಿಯಲಿಲ್ಲ. ಊರಿನಲ್ಲಿ ಸಾವಿರಗಟ್ಟಲೆ ಮರಗಳು ಉರುಳಿದವು, ಗಾಜುಗಳು ಒಡೆದವು, ಶಾಲೆಗಳಿಗೆ ಎರಡು ದಿನ ರಜೆ ಕೊಟ್ಟರು. ಒಂದೂ ಸಾವು ಸಂಭವಿಸಲಿಲ್ಲ. ಗಟ್ಟಿ ಮನೆಗಳು ಎದ್ದವು, ಮುನ್ಸೂಚನೆಯ ಶಾಸ್ತ್ರ ಬೆಳೆಯಿತು. ಅಷ್ಟೇ ಮುಖ್ಯವಾಗಿ, ಹೊರಗೆ ಬರಬೇಡಿ ಎಂದಾಗ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಮನೆಯೊಳಗೆ ಕುಳಿತರು. ಅಂಥ ಒಂದು ದಿನ ಪ್ರವಾಸದ ನಡುವೆ ಬಂದರೆ ಅದನ್ನು ಹಾಳಾದ ದಿನ ಎಂದು ಬರೆದುಕೊಳ್ಳಬೇಕಾಗಿಲ್ಲ. ಕಿಟಕಿಯ ಒಳಗೆ ಕುಳಿತು, ಒಂದು ಇಡೀ ನಗರ ಒಂದು ಅಂಕಿಗೆ ತಲೆಬಾಗುವುದನ್ನು ಮಕ್ಕಳು ನೋಡಲಿ.